ಸಮುದ್ರದ ಚಿತ್ರ ಬಿಡಿಸೋಕೆ ಘಟ್ಟ ಇಳಿಯಲೇಬೇಕಾ?

ಶಿರಸಿ: ಚಿತ್ರಕಲಾ ಸ್ಪರ್ಧೆಯಲ್ಲಿ 'ಸಮುದ್ರ' ಅಂತ ವಿಷಯ ಕೊಟ್ಟರೆ ಘಟ್ಟದ ಮೇಲಿನ ಮಕ್ಕಳ ಹಾಳೆಯಲ್ಲಿ ಬರುವುದು ಹೆಚ್ಚಾಗಿ ಒಂದೇ ಚಿತ್ರ. ಎರಡು ತೆಂಗಿನಮರ, ಒಂದು ದೋಣಿ, ಮುಳುಗುವ ಸೂರ್ಯ. ಇನ್ನು ಮುಂದೆ ಹಲಗೆ ಮೇಲೆ ನಿಂತ ಸರ್ಫರ್ ಕೂಡ ಸೇರಿಕೊಳ್ಳಬಹುದು. ಯಾಕೆಂದರೆ ಸರ್ಫಿಂಗ್ ಈಗ ದೂರದ ದೇಶದ ಆಟವಾಗಿ ಉಳಿದಿಲ್ಲ.

ಮೂಲ್ಕಿಯ ಮಂತ್ರ ಸರ್ಫ್ ಕ್ಲಬ್ ಶುರುವಾಗಿದ್ದು 2004ರಲ್ಲಿ. 2016ರಲ್ಲಿ ಮೊದಲ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದಿದ್ದು ಅಲ್ಲೇ ಹತ್ತಿರದ ಸಸಿಹಿತ್ಲುವಿನಲ್ಲಿ. 2025ರ ಆಗಸ್ಟ್‌ನಲ್ಲಿ ಮಹಾಬಲಿಪುರಂನ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ರಮೇಶ್ ಬುದಿಹಾಳ್ ಕಂಚು ಗೆದ್ದರು. 2026ರ ಏಷ್ಯನ್ ಗೇಮ್ಸ್‌ನಲ್ಲೂ ಸರ್ಫಿಂಗ್ ಇದೆ. ಆಟ ಜನಪ್ರಿಯವಾದಂತೆ ಅಲೆ, ಸಮುದ್ರ ಅಂತ ಚಿತ್ರ ಸ್ಪರ್ಧೆಗಳೂ ಬರುವುದು ಸಹಜ. ಆಗ ನಮ್ಮ ಮಕ್ಕಳು ಮೊಬೈಲ್ ನೋಡಿ ನಕಲು ಮಾಡಬೇಕಾ ಎಂಬುದು ಪ್ರಶ್ನೆ.

ದಡದಲ್ಲಿ ನಿಂತವರಿಗೂ ಪದಕ

1912ರಿಂದ 1948ರವರೆಗೆ ಒಲಿಂಪಿಕ್ಸ್‌ನಲ್ಲಿ ಚಿತ್ರಕಲೆಗೂ ಪದಕ ಇತ್ತು. ವಿಷಯ ಮಾತ್ರ ಕ್ರೀಡೆಯೇ ಆಗಿರಬೇಕಿತ್ತು. 1924ರಲ್ಲಿ ಐರ್ಲೆಂಡಿನ ಜಾಕ್ ಯೇಟ್ಸ್ ಬೆಳ್ಳಿ ಗೆದ್ದಿದ್ದು ಡಬ್ಲಿನ್‌ನ ಲಿಫಿ ನದಿಯ ಈಜು ಸ್ಪರ್ಧೆಯ ಚಿತ್ರಕ್ಕೆ. ಅದರಲ್ಲಿ ಮೊದಲು ಕಣ್ಣಿಗೆ ಬೀಳುವುದು ಈಜುಗಾರರಲ್ಲ, ದಡದಲ್ಲಿ ಮುಗಿಬಿದ್ದು ನೋಡುತ್ತಿರುವ ಊರಿನ ಜನ. ಅಂದರೆ ನೀರಿಗೆ ಇಳಿಯದವರಿಗೂ ಹೇಳೋಕೆ ಕಥೆ ಇರುತ್ತೆ.

ನಮಗಂತೂ ಕಥೆಗೆ ಬರವೇ ಇಲ್ಲ. ಶಿರಸಿ ಪೇಟೆಯ ಶಂಕರಹೊಂಡವನ್ನು ಅಘನಾಶಿನಿಯ ಮೂಲ ಅಂತಾರೆ. ಅದೇ ನೀರು ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುತ್ತದೆ. ಯಲ್ಲಾಪುರದ ಬೇಡ್ತಿ ಮಾಗೋಡಿನಲ್ಲಿ ಬಿದ್ದು, ಗಂಗಾವಳಿ ಅಂತ ಹೆಸರು ಬದಲಿಸಿಕೊಂಡು ಅಂಕೋಲಾ ಕಡೆ ಹೋಗುತ್ತದೆ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ಸಿಹಿನೀರು, ಉಪ್ಪುನೀರು ಸೇರುವುದರಿಂದಲೇ ಅಲ್ಲಿ ಮೀನು, ಚಿಪ್ಪಿ ಬೆಳೆಯುವುದು. ಬೇಡ್ತಿ–ವರದಾ, ಅಘನಾಶಿನಿ–ವೇದಾವತಿ ಜೋಡಣೆಗೆ ಇಲ್ಲಿ ವಿರೋಧ ಎದ್ದಿರುವಾಗ, ಮೇಲಿನ ನೀರಿಗೂ ಕೆಳಗಿನ ಮೀನಿಗೂ ಇರುವ ನಂಟನ್ನು ಮಕ್ಕಳು ಚಿತ್ರದಲ್ಲಿ ತೋರಿಸಿದರೆ ಅದೇನು ಸಣ್ಣ ಮಾತಲ್ಲ.

ಗೋಡೆಯಲ್ಲೇ ಸಮುದ್ರ

ಇನ್ನು ಕಲೆಯ ವಿಷಯ. ಕರಾವಳಿಯಿಂದ ಶಿರಸಿವರೆಗೆ ಹಳೆ ದೇವಸ್ಥಾನಗಳ ಗೋಡೆಯಲ್ಲಿ ಕಾಣುವ ಕಾವಿ ಕಲೆಗೆ ಬೇಕಾಗಿದ್ದು ಚಿಪ್ಪು ಸುಟ್ಟು ಮಾಡಿದ ಸುಣ್ಣ ಮತ್ತು ಕೆಂಪು ಮಣ್ಣಿನ ಬಣ್ಣ. ಹಸಿ ಗಾರೆ ಮೇಲೆ ಕೆಂಪು ಬಳಿದು, ಚೂಪು ಕಡ್ಡಿಯಿಂದ ಕೆರೆದರೆ ಒಳಗಿನ ಬಿಳಿ ಚಿತ್ರವಾಗಿ ಏಳುತ್ತದೆ. ಚಿಪ್ಪು ಸಮುದ್ರದ್ದು, ಮಣ್ಣು ನೆಲದ್ದು. ಮಾರಿಕಾಂಬಾ ದೇವಸ್ಥಾನವೂ ಈ ಕಲೆಗೆ ಹೆಸರಾದದ್ದೇ. ಸಿದ್ದಾಪುರ ಕಡೆ ದೀವರ ಹೆಂಗಸರು ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣು, ಪುಂಡಿನಾರಿನ ಕುಂಚದಲ್ಲಿ ಬರೆಯುವ ಹಸೆ ಚಿತ್ತಾರವೂ ಇದೆ. ಗೋಡೆ ಕೆಡವಿ ಟೈಲ್ಸ್ ಹಾಕಿದರೆ ಇದೆಲ್ಲ ಹೋಯಿತು. ಮಕ್ಕಳ ಕೈಗೆ ಬಂದರೆ ಮಾತ್ರ ಉಳಿದೀತು. ಚಿತ್ತಾರದ ಗೆರೆಯಲ್ಲಿ ಅಲೆ ಬರೆದರೆ ಹೇಗಿರುತ್ತೆ ಅಂತ ಒಮ್ಮೆ ಯೋಚಿಸಿ.

ಇಲ್ಲಿ ಅಂಗಡಿಯವರ ಪಾತ್ರ ದೊಡ್ಡದು. ಊರಿನ ಸ್ಪರ್ಧೆಗಳ ಬಹುಮಾನ, ಬ್ಯಾನರ್ ಖರ್ಚು ಬಹುತೇಕ ಪೇಟೆಯಿಂದಲೇ ಹೋಗುವುದು. ದುಡ್ಡು ಕೊಡುವವರು ಎರಡು ಮಾತು ಕೇಳಬಹುದು: ವಿಷಯ 'ಸಮುದ್ರ' ಅಂತಷ್ಟೇ ಬೇಡ, 'ನಮ್ಮೂರ ನೀರು ಸಮುದ್ರ ಸೇರುವವರೆಗೆ' ಅಂತಿರಲಿ, ಬಣ್ಣ ನುಣ್ಣಗೆ ತುಂಬಿದ್ದಕ್ಕಿಂತ ಮಗು ಕಣ್ಣಾರೆ ಕಂಡಿದ್ದಕ್ಕೆ ಹೆಚ್ಚು ಅಂಕ ಸಿಗಲಿ. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ಅಲೆ ಮೇಲೆ ನಿಲ್ಲುವುದು ಮೂಲ್ಕಿಯ ಹುಡುಗರಿಗೆ ಸಲೀಸು. ಆ ಅಲೆಗೆ ಸೇರುವ ನೀರು ಎಲ್ಲಿಂದ ಬಂತು ಅಂತ ಹೇಳಬಲ್ಲವರು ನಮ್ಮ ಮಕ್ಕಳು.