ಬೊಜ್ಜಿನ ಶಸ್ತ್ರಕ್ರಿಯೆ ಮತ್ತು ನಮ್ಮ ಐದು ತಾಲ್ಲೂಕುಗಳು

ಸಾಹುಕಾರನ ಚಿತ್ರ ಬರೆಯಬೇಕಾದಾಗಲೆಲ್ಲ ಸಮಾಜವಾದಿ ಪತ್ರಿಕೆಗಳು ಅವನಿಗೊಂದು ಡೊಳ್ಳುಹೊಟ್ಟೆ ಅಂಟಿಸುತ್ತ ಬಂದಿವೆ. ಎದುರಿಗೆ ಎಲುಬು ಕಾಣುವ ಕೂಲಿಕಾರ. ನಾವೂ ಅದೇ ಬಳಗದವರು. ಈ ತಪ್ಪಿನಲ್ಲಿ ನಮ್ಮ ಪಾಲೂ ಉಂಟು. ಇಂದು ಕೊಟ್ಟೂರಿನ ಪೇಟೆಯಲ್ಲಾಗಲಿ ಹರಪನಹಳ್ಳಿಯ ಬಸ್ ನಿಲ್ದಾಣದಲ್ಲಾಗಲಿ ಅರ್ಧ ತಾಸು ನಿಂತು ನೋಡಿದರೆ ಆ ಚಿತ್ರ ಹಳತಾಯಿತೆಂಬುದು ತಿಳಿಯುತ್ತದೆ. ರಾತ್ರಿ ಪಾಳಿ ಮುಗಿಸಿ, ಮಂಡಕ್ಕಿ ಮಿರ್ಚಿ ತಿಂದು, ಸಕ್ಕರೆ ಸುರಿದ ಚಹ ಕುಡಿದು ಮಲಗುವ ಗಿರಣಿ ಕಾರ್ಮಿಕನಿಗೆ ಹೊಟ್ಟೆ ಬಂದಿದೆ. ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ಇರುವ ಕಿರಾಣಿ ಅಂಗಡಿಯವನಿಗೂ ಬಂದಿದೆ. ಇಬ್ಬರೂ ಸಾಹುಕಾರರಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರ ಪೈಕಿ ನೂರಕ್ಕೆ 30 ಮಂದಿಗೆ ಅತಿ ತೂಕ. 17 ಮಂದಿಗೆ ತೂಕವೇ ಸಾಲದು. ಸುಮಾರು 48 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹಸಿವೂ ಬೊಜ್ಜೂ ಒಂದೇ ಸೂರಿನಡಿ ಇವೆ ಎಂದಾಯಿತು. ಇವೆರಡಕ್ಕೂ ಇರುವ ನಂಟನ್ನು ನಮ್ಮ ನಾಡಿನ ಸಂಶೋಧನೆಯೇ ತೋರಿಸಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದವರನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಅದರ ಫಲ ಪ್ರಕಟವಾಯಿತು. ಹುಟ್ಟುವಾಗ ಐದೂವರೆ ಪೌಂಡಿನೊಳಗೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗ. ಏಳು ಪೌಂಡ್ ಮೀರಿದ್ದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ತಾಯಿಯ ಬಸಿರಿನಲ್ಲಿ ಉಪವಾಸವಿದ್ದ ಕೂಸು ಮುಂದೆ ನಡುವಯಸ್ಸಿನಲ್ಲಿ ಹೊಟ್ಟೆಯ ಸುತ್ತ ಕೊಬ್ಬು ಹೊತ್ತು, ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ಸುಲಭವಾಗಿ ತುತ್ತಾಗುತ್ತದೆ ಎಂದು ವೈದ್ಯರು ಹೇಳುತ್ತಾರೆ. ಆದುದರಿಂದ ಬೊಜ್ಜಿನವನನ್ನು ಸೋಮಾರಿ, ಹೊಟ್ಟೆಬಾಕ ಎಂದು ಹೀಯಾಳಿಸುವುದು ಅನ್ಯಾಯ.

ಈ ಬೊಜ್ಜಿಗೆ ಶಸ್ತ್ರಕ್ರಿಯೆಯೇ ಮದ್ದೆಂಬ ಪ್ರಚಾರ ಈಗ ಜೋರಾಗಿದೆ. ಅದು ಪೂರಾ ಸುಳ್ಳಲ್ಲ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭಿಸಿದ ಅಧ್ಯಯನವೊಂದರಲ್ಲಿ ಶಸ್ತ್ರಕ್ರಿಯೆಯಾದ 2010 ಮಂದಿಯನ್ನೂ ಆಗದ 2037 ಮಂದಿಯನ್ನೂ ಸರಾಸರಿ ಹನ್ನೊಂದು ವರ್ಷ ಗಮನಿಸಿದರು. 2007ರ ವರದಿಯಂತೆ ಮೊದಲಿನವರಲ್ಲಿ 101 ಸಾವು, ಎರಡನೆಯವರಲ್ಲಿ 129. ಸಕ್ಕರೆ ಕಾಯಿಲೆ ಅನೇಕರಲ್ಲಿ ಹತೋಟಿಗೆ ಬರುತ್ತದೆಂದು ಬೇರೆ ಪ್ರಯೋಗಗಳೂ ತೋರಿಸಿವೆ. ಬಡವನಿಗೆ ಇದು ಬೇಡವೆಂದು ನಾವು ಹೇಳಲಾರೆವು. ಬೇಕಾದವನಿಗೆ ಸಿಗಲೇಬೇಕು.

ಆದರೆ ಜಾಹೀರಾತು ಹೇಳದ ಅರ್ಧ ಸಂಗತಿಯನ್ನು ಓದುಗರು ತಿಳಿಯತಕ್ಕದ್ದು. ಒಂದು ಬಗೆಯಲ್ಲಿ ಜಠರದ ಮುಕ್ಕಾಲು ಪಾಲನ್ನೇ ಕೊಯ್ದು ತೆಗೆಯುತ್ತಾರೆ. ಇನ್ನೊಂದರಲ್ಲಿ ಉಂಡದ್ದು ಸಣ್ಣ ಕರುಳಿನ ಮೊದಲ ಭಾಗವನ್ನು ಬಿಟ್ಟು ಮುಂದಕ್ಕೆ ಹೋಗುವಂತೆ ಜೋಡಿಸುತ್ತಾರೆ. ಕಬ್ಬಿಣಾಂಶ, ಸುಣ್ಣದಂಶಗಳು ಮೈಗೆ ಹತ್ತುವುದು ಬಹುಮಟ್ಟಿಗೆ ಆ ಮೊದಲ ಭಾಗದಲ್ಲಿಯೇ. ಬಿ12 ವಿಟಮಿನ್ ಮೈಗೂಡಲು ಜಠರದ ರಸ ಬೇಕು. ಹೀಗಾಗಿ ಶಸ್ತ್ರಕ್ರಿಯೆ ಒಂದೆರಡು ತಾಸಿನದು, ಮಾತ್ರೆ ಬದುಕಿರುವವರೆಗಿನದು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ತಿನ್ನಬೇಕೆನ್ನುತ್ತಾರೆ. ಒಂದು ಮೊಟ್ಟೆಯಲ್ಲಿ ಇರುವುದು ಆರು ಗ್ರಾಂ. ಉಳಿದಿರುವ ಹೊಟ್ಟೆಯೋ ಅಂಗೈಯಷ್ಟು. ವಾಂತಿ ನಿಲ್ಲದೆ ಬಿ1 ವಿಟಮಿನ್ ಇಳಿದುಹೋದರೆ ನರಗಳಿಗೂ ಮಿದುಳಿಗೂ ಪೆಟ್ಟು ಬೀಳುತ್ತದೆ. ಮೊದಲೇ ಅರ್ಧದಷ್ಟು ಹೆಂಗಸರು ರಕ್ತಹೀನರಾಗಿರುವ ನಾಡಿನಲ್ಲಿ, ಮಾಂಸ ಮೊಟ್ಟೆ ಮುಟ್ಟದ ಮನೆಗಳು ಬಹಳವಿರುವ ಕೊಟ್ಟೂರಿನಂಥ ಊರಿನಲ್ಲಿ, ರಕ್ತ ಪರೀಕ್ಷೆ, ಆಹಾರದ ತಿಳಿವಳಿಕೆ, ವರ್ಷವರ್ಷದ ತಪಾಸಣೆ ಇಲ್ಲದೆ ಕತ್ತಿ ಹಿಡಿಯುವುದೆಂದರೆ ಒಂದು ರೋಗ ಕೊಟ್ಟು ಇನ್ನೊಂದನ್ನು ಕೊಂಡಂತೆ.

ಕೊಬ್ಬನ್ನು ಹೀರಿ ತೆಗೆಯುವುದು ಬೇರೆಯೇ ವ್ಯವಹಾರ. ಅದು ಅಂದಕ್ಕಾಗಿ, ಸಕ್ಕರೆ ಕಾಯಿಲೆಗಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಕೊಬ್ಬು ತೆಗೆಸಲು ಹೋದ 21 ವರ್ಷದ ಕಿರುತೆರೆ ನಟಿಯೊಬ್ಬರು ಪ್ರಾಣ ಕಳೆದುಕೊಂಡರು. ಎರಡನ್ನೂ ಒಂದೇ ಎಂದು ತಿಳಿದು ಯಾರೂ ಮೋಸಹೋಗಬಾರದು.

ಇನ್ನು ಹಣದ ಮಾತು. ಖಾಸಗಿಯಲ್ಲಿ ಖರ್ಚು ಲಕ್ಷಗಳಲ್ಲಿ. ವಿಮಾ ಪ್ರಾಧಿಕಾರ 2019ರಲ್ಲಿ ಮಾಡಿದ ನಿಯಮದಂತೆ, ತೂಕ–ಎತ್ತರದ ಸೂಚ್ಯಂಕ 40 ಇಲ್ಲದಿದ್ದರೆ, ಅಥವಾ ತೀವ್ರ ಕಾಯಿಲೆಯೊಡನೆ 35 ಇಲ್ಲದಿದ್ದರೆ, ಈ ಖರ್ಚನ್ನು ಕಂಪನಿ ಕೊಡಬೇಕಾಗಿಲ್ಲ. ಐದಡಿ ಮೂರಂಗುಲದವನಿಗೆ 40 ಎಂದರೆ 102 ಕಿಲೋ. ಅತ್ತ ಶಸ್ತ್ರವೈದ್ಯರ ಅಂತರರಾಷ್ಟ್ರೀಯ ಸಂಘಗಳು ಏಷ್ಯಾದವರಿಗೆ 27.5ರಿಂದಲೇ ಶಸ್ತ್ರಕ್ರಿಯೆ ಆಗಬಹುದೆಂದು 2022ರಲ್ಲಿ ಹೇಳಿದವು. ಅದೇ ಮನುಷ್ಯನಿಗೆ ಅದು 70 ಕಿಲೋ! ನಮ್ಮವರಿಗೆ ಕಡಿಮೆ ತೂಕದಲ್ಲೇ ಕೆಡುಕು ಉಂಟೆಂಬುದು ದಿಟ. ಆದರೆ ಅಳತೆ ಹಾಕುವವರೂ ಕೊಯ್ಯುವವರೂ ಒಬ್ಬರೇ ಎಂಬುದನ್ನು ಮರೆಯತಕ್ಕದ್ದಲ್ಲ. 70ಕ್ಕೂ 102ಕ್ಕೂ ನಡುವೆ ಸಿಕ್ಕಿಬಿದ್ದವನು ಸಾಲ ಮಾಡುತ್ತಾನೆ, ಇಲ್ಲವೇ ಅಂಗಡಿ ಅಡವಿಡುತ್ತಾನೆ.

2021ರಲ್ಲಿ ವಿಜಯನಗರ ಜಿಲ್ಲೆ ಆಯಿತು. ಜಿಲ್ಲೆಯಾದದ್ದು ಕಚೇರಿಯ ಬೋರ್ಡು ಬದಲಾಯಿಸುವುದಕ್ಕಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಕಡೆಯ ಸರಕಾರಿ ಆಸ್ಪತ್ರೆಗಳಲ್ಲಿ ಒಬ್ಬೊಬ್ಬ ಆಹಾರತಜ್ಞರನ್ನು ಕಾಯಂ ಆಗಿ ನೇಮಿಸಬೇಕು. ಅವರು ಓಟ್ಸಿನ ಪುರಾಣ ಹೇಳುವವರಾಗದೆ ಜೋಳದ ರೊಟ್ಟಿ, ಪುಂಡಿಪಲ್ಲೆ, ನವಣೆ, ಹೆಸರುಕಾಳಿನ ಲೆಕ್ಕ ಬಲ್ಲವರಾಗಿರಬೇಕು. ಬಿ12, ಕಬ್ಬಿಣಾಂಶದ ಪರೀಕ್ಷೆ ಮತ್ತು ಮಾತ್ರೆಗಳು ಪುಕ್ಕಟೆ ಸಿಗಬೇಕು. ನಿಜವಾಗಿ ಶಸ್ತ್ರಕ್ರಿಯೆ ಬೇಕಾದವರಿಗೆ ಬಳ್ಳಾರಿಯ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಸರಕಾರದ ಖರ್ಚಿನಲ್ಲಿ ಅದು ಆಗಬೇಕು. ಆದವರ ಹೆಸರು ತಾಲ್ಲೂಕಿನ ದಫ್ತರಿನಲ್ಲಿದ್ದು ತಪಾಸಣೆ ತಪ್ಪದೆ ನಡೆಯಬೇಕು. ಗಿರಣಿ ಮಾಲೀಕರು ಪಾಳಿಯ ನಡುವೆ ಕೂತು ಉಣ್ಣುವಷ್ಟು ಬಿಡುವು ಕೊಡಲಿ. ಇದನ್ನು ಸಂಘದ ಬೇಡಿಕೆಯ ಪಟ್ಟಿಯಲ್ಲಿ ಸೇರಿಸಲು ಕಾರ್ಮಿಕ ಬಂಧುಗಳು ನಾಚಬೇಕಾಗಿಲ್ಲ.

ಅಲ್ಲಿಯವರೆಗೆ ದರ್ಜಿಯ ಟೇಪೊಂದು ಸಾಕು. ಹೊಕ್ಕುಳ ಮಟ್ಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ದರೆ ಸರಕಾರಿ ಆಸ್ಪತ್ರೆಗೆ ಹೋಗಿ ಸಕ್ಕರೆ, ರಕ್ತದೊತ್ತಡ ನೋಡಿಸಿರಿ. ಯಾರಾದರೂ ಶಸ್ತ್ರಕ್ರಿಯೆಯ ಕಾಗದ ಮುಂದಿಟ್ಟರೆ ಸಹಿಗೆ ಮುಂಚೆ ಒಂದು ಮಾತು ಕೇಳಿರಿ: ಐದು ವರ್ಷದ ಮೇಲೆ ನನ್ನ ರಕ್ತ ಪರೀಕ್ಷೆ ಮಾಡುವವರು ಯಾರು, ಎಲ್ಲಿ, ಎಷ್ಟಕ್ಕೆ?