ಕೋವಿಯ ಜಾಡು, ಮುಚ್ಚಿದ ಕಡತ

ಅಪರಾಧದ ಸ್ಥಳದಲ್ಲಿ ದೊರೆತ ಪಿಸ್ತೂಲಿನ ಕ್ರಮಸಂಖ್ಯೆಯನ್ನು ಹಿಡಿದು ಹೊರಟರೆ ತಯಾರಕ, ಸಗಟು ವ್ಯಾಪಾರಿ, ಅಂಗಡಿ, ಕೊನೆಗೆ ಮೊದಲು ಕೊಂಡವನವರೆಗೆ ತಲುಪಬಹುದು. ಅಮೆರಿಕ ಸರ್ಕಾರವೇ 2000ದಲ್ಲಿ ಪ್ರಕಟಿಸಿದ ವರದಿಯಂತೆ, ಹೀಗೆ ಜಾಡು ಪತ್ತೆಯಾದ ಕೋವಿಗಳಲ್ಲಿ ಶೇಕಡಾ 57ರಷ್ಟು ಬಂದದ್ದು ಪರವಾನಗಿ ಪಡೆದ ವ್ಯಾಪಾರಿಗಳ ಪೈಕಿ ಕೇವಲ ಶೇಕಡಾ 1.2ರಷ್ಟು ಮಂದಿಯಿಂದ. ಇಷ್ಟರಿಂದಲೇ ಅವರ ಅಪರಾಧ ಸಿದ್ಧವಾಗದು, ದೊಡ್ಡ ಅಂಗಡಿಯ ಮಾರಾಟವೂ ದೊಡ್ಡದೇ. ಆದರೆ ಎಲ್ಲಿ ವಿಚಾರಿಸಬೇಕೆಂಬುದು ತಿಳಿದಿತ್ತು. 2003ರಲ್ಲಿ ಅಲ್ಲಿನ ಸಂಸತ್ತು ಈ ಕಡತವನ್ನು ಸಾರ್ವಜನಿಕರಿಗೆ ಮುಚ್ಚಿತು. ಪರವಾನಗಿದಾರರ ಪಟ್ಟಿಯನ್ನೂ ರಾಜ್ಯವಾರು ಮೊತ್ತವನ್ನೂ ನಾಗರಿಕನು ಇಂದಿಗೂ ನೋಡಬಲ್ಲನು; ತನ್ನ ಊರಿನ ಯಾವ ಅಂಗಡಿಯ ಕೋವಿ ಕೊಲೆಗಡುಕನ ಕೈ ಸೇರಿತೆಂಬುದು ಮಾತ್ರ ಅವನಿಗೆ ಸುಲಭವಾಗಿ ತಿಳಿಯದು.

ಕೋವಿಯಾದರೋ ಗಡಿಯನ್ನು ಲೆಕ್ಕಿಸದು. 2014ರಿಂದ 2018ರವರೆಗೆ ಮೆಕ್ಸಿಕೋದಲ್ಲಿ ವಶಪಡಿಸಿಕೊಂಡು ಜಾಡು ಪರಿಶೀಲಿಸಿದ ಕೋವಿಗಳಲ್ಲಿ ಸುಮಾರು ಶೇಕಡಾ 70ರಷ್ಟು ಅಮೆರಿಕದಿಂದ ಬಂದವು. ಮೆಕ್ಸಿಕೋ ನಗರದ ಸರ್ಕಾರವು 2019ರಲ್ಲಿ ಚರ್ಚುಗಳ ಅಂಗಳದಲ್ಲಿಯೇ, ಹೆಸರು ಕೇಳದೆ, ಹಣ ಕೊಟ್ಟು ಕೋವಿಗಳನ್ನು ಒಪ್ಪಿಸಿಕೊಳ್ಳುವ ಕಾರ್ಯವನ್ನು ಆರಂಭಿಸಿತು. ಆ ಅಂಗಳದ ಕುಟುಂಬಗಳನ್ನು ನಾವು ನಮ್ಮವರೆಂದೇ ನೆನೆಯುತ್ತೇವೆ. ಆದರೆ ಬಂದ ಕೋವಿಯನ್ನು ಪಡೆಯುವುದಷ್ಟೇ ಅಂಗಳಕ್ಕೆ ಸಾಧ್ಯ, ಬರುವ ದಾರಿ ಅದರ ಕೈಯಲ್ಲಿಲ್ಲ.

ಕಡತ ತೆರೆದರೆ ತನಿಖೆಗೆ ತೊಡಕು, ಪೊಲೀಸರಿಗೆ ಅಪಾಯ ಎಂಬ ವಾದವನ್ನು ನಾವು ಲಘುವಾಗಿ ಕಾಣೆವು. ಕೊಂಡವನ ಹೆಸರು ಗುಟ್ಟಾಗಿರಲಿ, ನಡೆಯುತ್ತಿರುವ ತನಿಖೆಯ ವಿವರವೂ ಹಾಗೆಯೇ ಇರಲಿ. ಅಂಗಡಿಯ ಹೆಸರನ್ನಾದರೂ ಆ ಸಂಸತ್ತು ತನ್ನ ಪ್ರಜೆಗಳಿಗೆ ತಿಳಿಸಬೇಕು.