ಬದನವಾಳಿನ ಗೆಳೆಯ, ಮುಚ್ಚಿದ್ದ ದಾರಿ

ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿಯಲ್ಲಿ ಮಾತನಾಡುತ್ತ, "ಸಾರ್, ನಿಮ್ಮ ಕಾಲದ ಶಾಲೆಗಳಲ್ಲಿ ಜಾತಿ ಎಂಬುದೇ ಇರಲಿಲ್ಲ, ಅಲ್ಲವೇ? ನೀವೇ ಹೇಳುತ್ತಿದ್ದಿರಿ" ಎಂದರು. ಹೌದು, ತರಗತಿಯಲ್ಲಿ ಎಷ್ಟೋ ಸಲ ಹಾಗೆ ಹೇಳಿದ್ದೇನೆ. ಆ ಮಾತನ್ನು ಹಿಂದಕ್ಕೆ ಪಡೆಯಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಹುಟ್ಟೂರು ನಂಜನಗೂಡು ತಾಲ್ಲೂಕಿನ ಬದನವಾಳು ಎಂಬುದು ನಿಮಗೆಲ್ಲ ತಿಳಿದದ್ದೇ. 1927ರಲ್ಲಿ ಆರಂಭವಾದ ಖಾದಿ ಕೇಂದ್ರದಿಂದ ಹೆಸರಾದ ಊರು. ಗಾಂಧೀಜಿ ಕಾಲಿಟ್ಟ ಊರು. ನಾನು ಲಿಂಗಾಯತರ ಬೀದಿಯವನು, ನನ್ನ ಗೆಳೆಯ ದಲಿತರ ಕೇರಿಯವನು. (ಅವನ ಹೆಸರನ್ನು ಬರೆಯುವುದಿಲ್ಲ, ಅವನಿಗೆ ಅದು ಇಷ್ಟವಾಗದು.) ಅವನ ತಾಯಿ ಚರಕದಲ್ಲಿ ನೂಲುತ್ತಿದ್ದರು. ಶಾಲೆಯಲ್ಲಿ ನಮಗೂ ತಕಲಿ ಹಿಡಿಸುತ್ತಿದ್ದರು. ನನ್ನ ಎಳೆ ಎರಡು ಗೇಣು ಬರುವಷ್ಟರಲ್ಲಿ ತುಂಡಾಗುತ್ತಿತ್ತು. ಅವನದು ತಕಲಿ ನೆಲ ಮುಟ್ಟಿದರೂ ಕಡಿಯುತ್ತಿರಲಿಲ್ಲ. ಮೇಷ್ಟರು ನೋಡಲು ಬರುವ ಮುನ್ನ ತನ್ನ ನೂಲಿನಲ್ಲಿ ಒಂದಿಷ್ಟನ್ನು ನನ್ನ ತಕಲಿಗೆ ಸುತ್ತಿಬಿಡುತ್ತಿದ್ದ. ಅದಕ್ಕೆ ಪ್ರತಿಯಾಗಿ ನಾನು ಅವನಿಗೆ ಪದ್ಯ ಬಾಯಿಪಾಠ ಮಾಡಿಸುತ್ತಿದ್ದೆ. ಬಳಪ ಒಂದೇ ಇದ್ದ ದಿನ ಅದನ್ನು ಮುರಿದು ಹಂಚಿಕೊಳ್ಳುತ್ತಿದ್ದೆವು. ಅಂಥ ಸ್ನೇಹ ನನಗೆ ಮತ್ತೆ ದೊರೆಯಲಿಲ್ಲ.

ಆದರೆ ಶಾಲೆಯೊಳಗೆ "ಲೋ, ಬಾರೋ" ಎನ್ನುತ್ತಿದ್ದವನು ನಮ್ಮ ಬೀದಿಯಲ್ಲಿ ಎದುರಾದರೆ ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ. ಅವನ ತಂದೆ, ನನಗಿಂತ ಮೂವತ್ತು ವರ್ಷ ಹಿರಿಯರು, ಹತ್ತು ವರ್ಷದ ನನ್ನನ್ನು "ಬುದ್ಧೀ" ಎನ್ನುತ್ತಿದ್ದರು. ನಾನು ಓಗೊಡುತ್ತಿದ್ದೆ. ಅವನು ಕೊಟ್ಟ ಹುಣಸೆಹಣ್ಣು, ಸೀಬೆಹಣ್ಣು ತಿನ್ನುತ್ತಿದ್ದೆ. ಅವರ ಮನೆಯ ಮುದ್ದೆ ತಿನ್ನುತ್ತಿರಲಿಲ್ಲ. ಹಣ್ಣಿಗೆ ಮೈಲಿಗೆಯಿಲ್ಲವೆಂದು ಯಾರು ಹೇಳಿಕೊಟ್ಟರೋ ಕಾಣೆ, ಆ ವಯಸ್ಸಿಗೇ ಆ ಲೆಕ್ಕ ಗೊತ್ತಿತ್ತು. ಒಂದು ಯುಗಾದಿಯಂದು ಹಟ ಹಿಡಿದು ಅವನನ್ನು ಮನೆಯವರೆಗೆ ಕರೆತಂದೆ. ಅವನು ಜಗಲಿಯ ಕೆಳಗೇ ನಿಂತು ನೀರು ಕೇಳಿದ. ನಮ್ಮಜ್ಜಿ ಚೊಂಬನ್ನು ಎತ್ತಿ ಹಿಡಿದು ಅವನ ಬೊಗಸೆಗೆ ಹುಯ್ದರು. ಕುಡಿದು ಹೊರಟುಹೋದ. ಮರುದಿನ ಶಾಲೆಯಲ್ಲಿ ಎಂದಿನಂತೆಯೇ ಇದ್ದ. ಅದನ್ನೇ ನಾನು ಮುಂದೆ "ನಮಗೆ ಜಾತಿ ಗೊತ್ತಿರಲಿಲ್ಲ" ಎಂದು ನಿಮಗೆ ಹೇಳಿದ್ದು. ಅವನಿಗೆ ಗೊತ್ತಿರದೆ ಇರಲು ಸಾಧ್ಯವೇ ಇರಲಿಲ್ಲ.

1993ರ ಮಾರ್ಚಿನಲ್ಲಿ ಸಿದ್ದೇಶ್ವರ ದೇವಸ್ಥಾನದ ಪ್ರವೇಶದ ವಿವಾದ ಬೆಳೆದು ಊರಿನ ಮೂವರು ದಲಿತರ ಕೊಲೆಯಾಯಿತು. ಆಗ ನಾನು ಬೇರೆ ತಾಲ್ಲೂಕಿನಲ್ಲಿ ಪಾಠ ಮಾಡುತ್ತಿದ್ದೆ. ಪತ್ರಿಕೆಯಲ್ಲಿ ಓದಿದೆ. ಗೆಳೆಯ ಕ್ಷೇಮವಾಗಿದ್ದಾನೆಂದು ಬೇರೆಯವರಿಂದ ಕೇಳಿ ತಿಳಿದುಕೊಂಡೆನೇ ಹೊರತು ಅವನಿಗೆ ಒಂದು ಕಾರ್ಡು ಬರೆಯಲಿಲ್ಲ. ಏನೆಂದು ಬರೆಯುವುದು ಎಂದುಕೊಂಡೆ. ಎರಡು ಕೇರಿಗಳ ನಡುವಿನ ದಾರಿ ಅಂದಿನಿಂದ ಮುಚ್ಚಿತು. ಮದುವೆ, ಹಬ್ಬಗಳಿಗೆಂದು ಊರಿಗೆ ಹೋದಾಗಲೆಲ್ಲ "ಪರಿಸ್ಥಿತಿ ಸರಿಯಿಲ್ಲ" ಎನ್ನುತ್ತ ಹಿಂದಿರುಗುತ್ತಿದ್ದೆ. ಮುವ್ವತ್ತಕ್ಕೆ ಒಂದು ಕಡಿಮೆ, ಅಷ್ಟು ವರ್ಷ!

2022ರ ಅಕ್ಟೋಬರ್ 2ರಂದು ರಾಹುಲ್ ಗಾಂಧಿಯವರು ಪಾದಯಾತ್ರೆಯ ನಡುವೆ ಬದನವಾಳಿಗೆ ಬಂದರು. ಆ ದಾರಿಗೆ ಕಲ್ಲು ಹಾಸಿ ತೆರೆಯಲಾಯಿತು. ಎರಡೂ ಕಡೆಯವರು ಒಟ್ಟಿಗೆ ಕುಳಿತು ಉಂಡರು. ಕೆಲವರು ಇದನ್ನು ರಾಜಕೀಯವೆಂದರು. ಇರಬಹುದು. ಆದರೆ ಆ ಊರಿನಲ್ಲಿ ಅಕ್ಷರ ಕಲಿತ ನನ್ನಂಥ ಮೇಷ್ಟರುಗಳು ಎಷ್ಟು ಜನರಿದ್ದೆವು! ನಾವು ನಾಲ್ವರು ಸೇರಿ ನಡೆದಿದ್ದರೂ ಅದು ದಾರಿಯೇ ಆಗುತ್ತಿತ್ತು. ಅದಕ್ಕೆ ದೆಹಲಿಯಿಂದ ಒಬ್ಬರು ಬರಬೇಕಾಯಿತೆಂಬುದು ಬಂದವರಿಗೆ ಅವಮಾನವಲ್ಲ.

ಮುಂದಿನ ತಿಂಗಳು ಹೋದೆ. "ಬನ್ನಿ ಮೇಷ್ಟ್ರೇ" ಎಂದು ಎದ್ದು ನಿಂತ. ಮೊಮ್ಮಗಳು ನೀರು ತಂದುಕೊಟ್ಟಳು, ಆಮೇಲೆ ಮುದ್ದೆ, ಅವರೆಕಾಳಿನ ಸಾರು. ಉಂಡೆ. ಯುಗಾದಿಯ ಆ ದಿನ ನೆನಪಿದೆಯೇ ಎಂದು ಕೇಳಲು ನನಗೆ ಬಹಳ ಹೊತ್ತು ಬೇಕಾಯಿತು.

"ನಿಮ್ಮಜ್ಜೀದು ಬಿಡು, ಅವರ ಕಾಲ ಅದು" ಎಂದ. "ನೀನು ಅತ್ಲಾಗೆ ತಿರುಗಿಕೊಂಡೆಯಲ್ಲ, ಅದು ನೆಪ್ಪದೆ."

ನಾನು ತಿರುಗಿಕೊಂಡದ್ದು ನನಗೆ ಮರೆತೇಹೋಗಿತ್ತು. ಅರವತ್ತು ವರ್ಷಗಳ ಮೇಲೆ ಅವನು ನನ್ನನ್ನು "ನೀನು" ಎಂದದ್ದು ಅದೊಂದೇ ಸಲ.

ಆಮೇಲೆ ಮೂರು ಬಾರಿ ಹೋಗಿದ್ದೇನೆ. ಪ್ರತಿ ಸಲವೂ ನಮ್ಮ ಮನೆಗೆ ಬಾ ಎಂದು ಕರೆಯುತ್ತೇನೆ. ಹೊಸ ಕಲ್ಲುಗಳ ಮೇಲೆ ನನ್ನೊಡನೆ ನಿಧಾನವಾಗಿ ನಡೆದು ಬಂದು, ನಮ್ಮ ಬೀದಿಯ ತಿರುವಿನಲ್ಲಿ ನಿಲ್ಲುತ್ತಾನೆ.

"ಇನ್ನೊಂದು ಸಲ ಬತ್ತೀನಿ. ಕತ್ತಲಾಯ್ತು, ನೀವು ಹೊರಡಿ" ಎನ್ನುತ್ತಾನೆ.